ಮೂಗಿಗೂ ತುಟಿಗೂ ನಡುವಿನ ಕೆಲವು ಮಿಲಿಮೀಟರುಗಳು

ಮೈಸೂರಿನಲ್ಲಿ ಸಾರ್ವಜನಿಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ

ಮಾನ್ಯ ಸಭಿಕರೇ,

ಕೆಲವು ತಿಂಗಳ ಹಿಂದೆ ಇಪ್ಪತ್ತಾರು ವರ್ಷದ ಶಿಕ್ಷಕಿಯೊಬ್ಬರು ನನ್ನ ಕೊಠಡಿಗೆ ಬಂದು, ಕುರ್ಚಿಯಲ್ಲಿ ಕುಳಿತುಕೊಳ್ಳುವ ಮೊದಲೇ ಫೋನನ್ನು ಮೇಜಿನ ಮೇಲಿಟ್ಟರು. ಪರದೆಯ ಮೇಲೆ ಇದ್ದದ್ದು ಅವರದೇ ಮುಖ. ಆದರೆ ಯಾವುದೋ ಆ್ಯಪ್ ಬಳಸಿ ಮೇಲ್ತುಟಿಯನ್ನು ಮೂಗಿನ ಕಡೆಗೆ ಎತ್ತಿ, ಕೆಂಪು ಭಾಗವನ್ನು ಹೊರಳಿಸಿ, ನಡುವಿನ ಬಿಲ್ಲಿನಂಥ ಬಾಗನ್ನು ಚೂಪಾಗಿಸಲಾಗಿತ್ತು. "ಡಾಕ್ಟರೇ, ನನಗೆ ಲಿಪ್ ಲಿಫ್ಟ್ ಮಾಡಿಸಬೇಕು, ಹೀಗೆ ಕಾಣಬೇಕು" ಎಂದರು. ನಾನು ಫೋನನ್ನು ಮಗುಚಿ ಇಡಲು ಹೇಳಿ, ಒಮ್ಮೆ "ಅಮ್ಮ" ಎನ್ನಿ, ಎಂದ ಮೇಲೆ ತುಟಿಗಳನ್ನು ಬಿಗಿಹಿಡಿಯದೆ ಹಾಗೆಯೇ ಸಡಿಲ ಬಿಡಿ ಎಂದು ಕೇಳಿಕೊಂಡೆ. "ಮ" ಎನ್ನುವಾಗ ಕೂಡಿದ ತುಟಿಗಳು ಆ ಅಕ್ಷರ ಮುಗಿದೊಡನೆ ತಮ್ಮ ಸಹಜ ವಿಶ್ರಾಂತಿಯ ನೆಲೆಗೆ ಮರಳುತ್ತವೆ. ಕನ್ನಡಿಯ ಮುಂದೆ ನಿಂತು ಯಾರೂ ಆ ನೆಲೆಯನ್ನು ಕಾಣಲಾರರು, ಏಕೆಂದರೆ ಕನ್ನಡಿ ಕಂಡೊಡನೆ ನಾವೆಲ್ಲರೂ ತುಟಿಯನ್ನು ಒಂದಿಷ್ಟು ತಿದ್ದಿಕೊಳ್ಳುತ್ತೇವೆ. ಅವರ ತುಟಿ ಸಡಿಲವಾದಾಗ ಮೇಲಿನ ಬಾಚಿಹಲ್ಲುಗಳು ನಾಲ್ಕು ಮಿಲಿಮೀಟರಿನಷ್ಟು ಕಾಣುತ್ತಿದ್ದವು. ಮೂಗಿನ ಬುಡದಿಂದ ತುಟಿಯ ಅಂಚಿನವರೆಗೆ ಅಳೆದರೆ ಹನ್ನೊಂದು ಮಿಲಿಮೀಟರು. ಇವರಿಗೆ ಈ ಶಸ್ತ್ರಚಿಕಿತ್ಸೆ ಸಲ್ಲದು ಎಂದು ತಿಳಿಯಲು ನನಗೆ ಎರಡು ನಿಮಿಷ ಸಾಕಾಯಿತು. ಏಕೆ ಸಲ್ಲದು ಎಂದು ಅವರಿಗೆ ತಿಳಿಹೇಳಲು ಮುಕ್ಕಾಲು ಗಂಟೆ ಬೇಕಾಯಿತು. ಇಂದಿನ ಉಪನ್ಯಾಸವೆಂದರೆ ಆ ಮುಕ್ಕಾಲು ಗಂಟೆಯ ಮಾತೇ.

ಮೊದಲು ಈ ಶಸ್ತ್ರಚಿಕಿತ್ಸೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ನೇರವಾಗಿ ಹೇಳಿಬಿಡುತ್ತೇನೆ. ಮೂಗಿನ ಬುಡಕ್ಕೂ ಮೇಲ್ತುಟಿಯ ಕೆಂಪು ಅಂಚಿಗೂ ನಡುವೆ ಒಂದು ಪಟ್ಟಿ ಚರ್ಮವಿದೆ; ಅದರ ನಡುವೆ ಸಣ್ಣ ತೋಡೊಂದು ಇಳಿದು ಬರುತ್ತದೆ. ಈ ಪಟ್ಟಿಯ ಎತ್ತರ ವಯಸ್ಕ ಹೆಂಗಸರಲ್ಲಿ ಸಾಮಾನ್ಯವಾಗಿ 11ರಿಂದ 13 ಮಿಲಿಮೀಟರ್, ಗಂಡಸರಲ್ಲಿ 13ರಿಂದ 15 ಮಿಲಿಮೀಟರ್ ಇರುತ್ತದೆ. ಲಿಪ್ ಲಿಫ್ಟ್‌ನಲ್ಲಿ ಮೂಗಿನ ಹೊಳ್ಳೆಗಳ ಕೆಳಗೆ, ಎತ್ತಿನ ಜೋಡಿ ಕೊಂಬಿನ ಆಕಾರದಲ್ಲಿ ಗುರುತು ಹಾಕಿ, ಮೂರರಿಂದ ಆರು ಮಿಲಿಮೀಟರಿನಷ್ಟು ಎತ್ತರದ ಚರ್ಮವನ್ನು ಕತ್ತರಿಸಿ ತೆಗೆದು, ಕೆಳಗಿನ ಅಂಚನ್ನು ಮೇಲಕ್ಕೆ ತಂದು ಹೊಲಿಯುತ್ತೇವೆ. ತುಟಿ ಮೇಲೇರುತ್ತದೆ, ಕೆಂಪು ಭಾಗ ತುಸು ಹೊರಳಿ ಹೆಚ್ಚು ಕಾಣುತ್ತದೆ, ಹಲ್ಲು ಒಂದಿಷ್ಟು ಇಣುಕುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಆ ಜಾಗವನ್ನಷ್ಟೇ ಮರಗಟ್ಟಿಸಿ ಒಂದು ಗಂಟೆಯ ಆಸುಪಾಸಿನಲ್ಲಿ ಮುಗಿಸಬಹುದಾದ ಕೆಲಸವಿದು. ಕೆಲಸ ಚಿಕ್ಕದು ಎಂಬ ಕಾರಣಕ್ಕೇ ಜನ ಇದನ್ನು ಹಗುರವಾಗಿ ಎಣಿಸುತ್ತಾರೆ.

1971ರಲ್ಲಿ ಬ್ರೆಜಿಲ್‌ನ ಕಾರ್ಡೋಸೊ ಮತ್ತು ಸ್ಪೆರ್ಲಿ ಎಂಬ ವೈದ್ಯರು ಈ ವಿಧಾನವನ್ನು ವಿವರಿಸಿದಾಗ ಅವರ ಕಣ್ಣ ಮುಂದಿದ್ದದ್ದು ಮುಪ್ಪಿನ ತುಟಿ. ವಯಸ್ಸಾದಂತೆ ಮೇಲ್ತುಟಿಯ ಚರ್ಮ ಜೋತು ಉದ್ದವಾಗುತ್ತದೆ, ಕೆಂಪು ಭಾಗ ಒಳಸರಿದು ತೆಳುವಾಗುತ್ತದೆ. ಇಪ್ಪತ್ತರ ಹರೆಯದಲ್ಲಿ ತುಟಿ ಸಡಿಲವಿದ್ದಾಗ ಎರಡರಿಂದ ನಾಲ್ಕು ಮಿಲಿಮೀಟರಿನಷ್ಟು ಕಾಣುತ್ತಿದ್ದ ಮೇಲಿನ ಹಲ್ಲು ಐವತ್ತು ಅರವತ್ತರ ಹೊತ್ತಿಗೆ ಮರೆಯಾಗಿ, ಮಾತನಾಡುವಾಗ ಕೆಳಗಿನ ಹಲ್ಲುಗಳೇ ಕಾಣತೊಡಗುತ್ತವೆ. ಆ ಬದಲಾವಣೆಯನ್ನು ಸರಿಪಡಿಸಲು ಹುಟ್ಟಿದ ಶಸ್ತ್ರಚಿಕಿತ್ಸೆಯನ್ನು ಇಂದು ಇಪ್ಪತ್ತೆರಡರ ಹುಡುಗಿಯರು ಕೇಳಿಕೊಂಡು ಬರುತ್ತಿದ್ದಾರೆ. ಹುಟ್ಟಿನಿಂದಲೇ ಈ ಅಂತರ ಉದ್ದವಾಗಿರುವ ತರುಣರೂ ಇದ್ದಾರೆ, ಅವರಿಗೆ ಇದು ನಿಜಕ್ಕೂ ಒಪ್ಪಬಹುದು. ಆದರೆ ಬರುವವರಲ್ಲಿ ಹೆಚ್ಚಿನವರ ಅಸಮಾಧಾನ ಇರುವುದು ತುಟಿಯ ದಪ್ಪದ ಬಗ್ಗೆ, ಈ ಅಂತರದ ಬಗ್ಗೆ ಅಲ್ಲ. ಎರಡೂ ಒಂದೇ ಎಂದು ಅವರು ತಿಳಿದಿರುತ್ತಾರೆ. ನಮ್ಮ ಕಾವ್ಯಗಳಲ್ಲಿ ತುಟಿಯನ್ನು ತೊಂಡೆಹಣ್ಣಿಗೆ, ಹವಳಕ್ಕೆ ಹೋಲಿಸಿ ಬಣ್ಣವನ್ನೂ ತುಂಬುತನವನ್ನೂ ಕೊಂಡಾಡಿದ್ದಾರೆಯೇ ಹೊರತು ಮೂಗಿನಿಂದ ಅದು ಎಷ್ಟು ದೂರವಿರಬೇಕೆಂದು ಯಾರೂ ಅಳೆದಂತಿಲ್ಲ. ಇಂದಿಗೂ ಮನಸ್ಸಿನಲ್ಲಿ "ನನ್ನ ತುಟಿ ಸರಿಯಿಲ್ಲ" ಎಂಬ ಒಂದೇ ಮಾತು ಇರುತ್ತದೆ, ಅದರೊಳಗೆ ಏನೇನು ಅಡಗಿದೆ ಎಂದು ಬಿಡಿಸಿ ನೋಡುವುದು ವೈದ್ಯರ ಕೆಲಸ.

ಆದ್ದರಿಂದ ನಿರ್ಧಾರದ ಮೊದಲ ಮೆಟ್ಟಿಲು ಅಳತೆ. ನಾನು ಬರೆದುಕೊಳ್ಳುವುದು ನಾಲ್ಕು ಅಂಕಿಗಳನ್ನು: ಮೂಗಿನ ಬುಡದಿಂದ ತುಟಿಯ ಅಂಚಿಗೆ ಇರುವ ಎತ್ತರ, ತುಟಿ ಸಡಿಲವಿದ್ದಾಗ ಕಾಣುವ ಹಲ್ಲು, ಮನಸಾರೆ ನಕ್ಕಾಗ ಕಾಣುವ ಒಸಡು, ಮತ್ತು ತುಟಿಗಳು ತಾವಾಗಿ ಕೂಡುತ್ತವೆಯೇ ಅಥವಾ ನಡುವೆ ಎಷ್ಟು ಸಂದಿ ಉಳಿಯುತ್ತದೆ ಎಂಬುದು. ಎತ್ತರ ಹದಿನಾರು ಹದಿನೇಳು ಮಿಲಿಮೀಟರ್ ಇದ್ದು, ಸಡಿಲ ತುಟಿಯಲ್ಲಿ ಹಲ್ಲು ಸ್ವಲ್ಪವೂ ಕಾಣದೆ, ನಕ್ಕಾಗ ಒಸಡು ತೋರದೆ, ತುಟಿಗಳು ಸಲೀಸಾಗಿ ಮುಚ್ಚಿಕೊಳ್ಳುವಂತಿದ್ದರೆ ಅಂಥವರಿಗೆ ಈ ಶಸ್ತ್ರಚಿಕಿತ್ಸೆಯಿಂದ ಆಗುವಷ್ಟು ಪ್ರಯೋಜನ ಬೇರೆ ಯಾವ ವಿಧಾನದಿಂದಲೂ ಆಗದು. ನಾಲ್ಕರಲ್ಲಿ ಯಾವುದೇ ಒಂದು ಅಡ್ಡ ನಿಂತರೂ ನಿಲ್ಲಬೇಕು. ನಕ್ಕಾಗ ಈಗಾಗಲೇ ಒಸಡು ಕಾಣುವವರ ತುಟಿಯನ್ನು ಎತ್ತಿದರೆ ಒಸಡು ಇನ್ನಷ್ಟು ಕಾಣುತ್ತದೆ. ಅವರ ತೊಂದರೆ ಮೇಲ್ದವಡೆಯ ಮೂಳೆಯ ಎತ್ತರದಲ್ಲಿಯೂ ಇರಬಹುದು, ಅದನ್ನು ನೋಡಬೇಕಾದವರು ದಂತ ಸರಿಪಡಿಕೆಯ ತಜ್ಞರು. ತುಟಿಗಳು ಕೂಡದೆ ಬಾಯಿ ತೆರೆದೇ ಇರುವವರಿಗೆ ಚರ್ಮವನ್ನು ಮತ್ತಷ್ಟು ಕಡಿಮೆ ಮಾಡಿದರೆ ಮಲಗಿದಾಗ ಬಾಯಿ ಒಣಗುತ್ತದೆ, ಮುಂದಿನ ಒಸಡು ಊದಿಕೊಳ್ಳುತ್ತದೆ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕು. ನನ್ನ ವೃತ್ತಿಯ ಮೊದಲ ವರ್ಷಗಳು ಹೆಚ್ಚಾಗಿ ಕಳೆದದ್ದು ಸೀಳುತುಟಿಯ ಮಕ್ಕಳ ಶಸ್ತ್ರಚಿಕಿತ್ಸೆಯಲ್ಲಿ. ಸೀಳಿನ ಅಂಚಿನಲ್ಲಿ ತುಟಿ ಗಿಡ್ಡವಾಗಿ ಮೂಗಿನ ಕಡೆಗೆ ಎಳೆದುಕೊಂಡಿರುತ್ತದೆ. ಚರ್ಮವನ್ನು ತಿರುಗಿಸಿ, ಪಕ್ಕದಿಂದ ತಂದು, ಅದನ್ನು ಒಂದೊಂದೇ ಮಿಲಿಮೀಟರಿನಂತೆ ಕೆಳಗಿಳಿಸಲು ನಾವು ಹೆಣಗುತ್ತೇವೆ. ಆ ಕೈಗೆ ತುಟಿಯ ಚರ್ಮದ ಬೆಲೆ ಗೊತ್ತಿರಬೇಕಿತ್ತು. ಆದರೂ ಬಹಳ ವರ್ಷಗಳ ಹಿಂದೆ, "ಇನ್ನೂ ಸ್ವಲ್ಪ ಎತ್ತಿ, ಮತ್ತೆ ಮತ್ತೆ ಮಾಡಿಸಿಕೊಳ್ಳಲು ಆಗುವುದಿಲ್ಲ" ಎಂದು ಒತ್ತಾಯಿಸಿದ ಒಬ್ಬ ಮಹಿಳೆಗೆ ನನ್ನ ಗುರುತಿಗಿಂತ ಒಂದು ಮಿಲಿಮೀಟರು ಹೆಚ್ಚು ತೆಗೆದೆ. ಕಲೆ ಚೆನ್ನಾಗಿಯೇ ಮಾಗಿತು, ಫೋಟೋದಲ್ಲಿ ತುಟಿ ಚೆನ್ನಾಗಿಯೇ ಕಂಡಿತು. ಆರು ತಿಂಗಳ ನಂತರ ಅವರು, ಬೆಳಿಗ್ಗೆ ಏಳುವಾಗ ಹಲ್ಲುಗಳು ಒಣಗಿ ತುಟಿಗೆ ಅಂಟಿಕೊಂಡಿರುತ್ತವೆ, ನಿದ್ದೆಯಲ್ಲಿ ಬಾಯಿ ಮುಚ್ಚುತ್ತಿಲ್ಲ ಎಂದರು. ತೆಗೆದ ಆ ಒಂದು ಮಿಲಿಮೀಟರನ್ನು ಹಿಂದಕ್ಕೆ ಕೊಡುವ ಹೊಲಿಗೆ ನನ್ನ ಬಳಿ ಇರಲಿಲ್ಲ. ಬೇರೆ ಕಡೆಯ ಚರ್ಮವನ್ನು ತಂದು ಅಲ್ಲಿ ಕಸಿ ಮಾಡಿದರೆ ಬಣ್ಣವೂ ನಯವೂ ಹೊಂದದೆ ಮುಖದ ನಡುವೆ ತೇಪೆಯಂತೆ ಕಾಣುತ್ತದೆ. ಅಂದಿನಿಂದ, ಎತ್ತರ ಹನ್ನೊಂದು ಮಿಲಿಮೀಟರಿಗಿಂತ ಕಡಿಮೆ ಉಳಿಯುವಂತೆ ನಾನು ಯಾರಿಗೂ ಕತ್ತರಿಸುವುದಿಲ್ಲ. ಎರಡು ಬಗೆಯಾಗಿ ಯೋಚಿಸುವಂತಿದ್ದರೆ ಕಡಿಮೆಯನ್ನೇ ಆರಿಸಿಕೊಳ್ಳುತ್ತೇನೆ. ಉಳಿದ ಚರ್ಮವನ್ನು ಮುಂದೆಂದಾದರೂ ತೆಗೆಯಬಹುದು.

ಚರ್ಮದ ತುಟಿಯ ಹಿಂದೆ ಹಲ್ಲಿನ ಆಸರೆ ಇದೆ ಎಂಬುದನ್ನು ಮರೆಯುವವರು ಬಹಳ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಕ್ಕಳು ತಮ್ಮ ಅರವತ್ತೊಂದು ವರ್ಷದ ತಾಯಿಯನ್ನು ಕರೆತಂದು, "ಅಮ್ಮನ ಮೇಲ್ತುಟಿ ಒಳಗೆ ಹೋಗಿಬಿಟ್ಟಿದೆ, ಲಿಪ್ ಲಿಫ್ಟ್ ಮಾಡಿಬಿಡಿ" ಎಂದರು. ಆ ತಾಯಿಯ ಮುಂದಿನ ಮೇಲಿನ ಹಲ್ಲುಗಳು ಬಿದ್ದು ಎಂಟು ವರ್ಷವಾಗಿತ್ತು. ಕಟ್ಟಿಸಿಕೊಂಡಿದ್ದ ಹಲ್ಲಿನ ಸೆಟ್ಟು ಸವೆದು, ಒಸಡಿನ ಮೂಳೆ ಕುಗ್ಗಿ, ತುಟಿಗೆ ಹಿಂದಿನಿಂದ ಆಸರೆಯೇ ಇಲ್ಲವಾಗಿತ್ತು. ನಾನು ಅವರನ್ನು ದಂತವೈದ್ಯರ ಬಳಿ ಕಳುಹಿಸಿದೆ. ಹೊಸ ಸೆಟ್ಟಿನಲ್ಲಿ ಮುಂದಿನ ಹಲ್ಲುಗಳನ್ನು ಸರಿಯಾದ ಉದ್ದದಲ್ಲಿ, ಸರಿಯಾದ ಕೋನದಲ್ಲಿ ಕೂರಿಸಿದ ಮೇಲೆ ತುಟಿ ತಾನಾಗಿ ಮುಂದೆ ಬಂತು, ಮಾತಿನಲ್ಲಿ ಹಲ್ಲು ಕಾಣತೊಡಗಿತು. ಕತ್ತಿ ಮುಟ್ಟಬೇಕಾಗಲಿಲ್ಲ. ಸವೆದ ಹಲ್ಲು, ಒಳಬಾಗಿದ ಹಲ್ಲು, ಇಲ್ಲದ ಹಲ್ಲು, ಇವೆಲ್ಲವೂ ತುಟಿಯ ದೋಷದಂತೆ ಕಾಣುತ್ತವೆ. ನಲವತ್ತು ದಾಟಿದ ಯಾರೇ ಆಗಲಿ, ತುಟಿಗಾಗಿ ನನ್ನ ಬಳಿ ಬರುವ ಮೊದಲು ಒಮ್ಮೆ ಹಲ್ಲಿನ ವೈದ್ಯರಿಗೆ ತೋರಿಸಿ ಬರಲಿ ಎಂದು ನಾನು ಕೇಳಿಕೊಳ್ಳುತ್ತೇನೆ.

ಇನ್ನು ಫಿಲ್ಲರ್ ವಿಷಯ. ಹಯಲುರಾನಿಕ್ ಆಮ್ಲದ ಫಿಲ್ಲರ್ ಚುಚ್ಚಿಸಿಕೊಂಡರೆ ತುಟಿಯ ದಪ್ಪ ಹೆಚ್ಚುತ್ತದೆ. ಆರು ತಿಂಗಳಿಂದ ಒಂದು ವರ್ಷದವರೆಗೆ ಅದು ಉಳಿಯುತ್ತದೆ, ಬೇಡವೆನಿಸಿದರೆ ಹಯಲುರಾನಿಡೇಸ್ ಎಂಬ ಕಿಣ್ವದ ಚುಚ್ಚುಮದ್ದಿನಿಂದ ಕರಗಿಸಲೂಬಹುದು. ಅಂತರ ಸರಿಯಾಗಿದ್ದು ತುಟಿ ಮಾತ್ರ ತೆಳುವಾಗಿರುವವರಿಗೆ ನಾನು ಇದನ್ನೇ ಸೂಚಿಸುತ್ತೇನೆ, ಆ ಶಿಕ್ಷಕಿಗೂ ಸೂಚಿಸಿದ್ದು ಇದನ್ನೇ. ಬಾಯಿಯ ಸುತ್ತಲಿನ ಸ್ನಾಯುವಿಗೆ ಬೊಟಾಕ್ಸ್ ಕೊಟ್ಟು ತುಟಿಯ ಅಂಚನ್ನು ತುಸು ಹೊರಳಿಸುವ ವಿಧಾನವೂ ಇದೆ, ಅದರ ಪರಿಣಾಮ ಎರಡು ಮೂರು ತಿಂಗಳು. ಆದರೆ ಉದ್ದವಾದ ಮೇಲ್ತುಟಿಗೆ ಫಿಲ್ಲರ್ ಮೇಲೆ ಫಿಲ್ಲರ್ ಹಾಕಿಸಿದರೆ ಆಗುವುದೇನು ಎಂಬುದನ್ನು ಒಬ್ಬ ಬ್ಯಾಂಕ್ ಉದ್ಯೋಗಿಯ ಉದಾಹರಣೆಯಿಂದ ಹೇಳುತ್ತೇನೆ. ಅವರಿಗೆ ನಲವತ್ತೇಳು ವರ್ಷ, ಎತ್ತರ ಹದಿನೇಳು ಮಿಲಿಮೀಟರ್. ಮೂರು ವರ್ಷಗಳಿಂದ ಬೇರೆಡೆ ಫಿಲ್ಲರ್ ಹಾಕಿಸಿಕೊಳ್ಳುತ್ತಿದ್ದರು. ಪ್ರತಿ ಸಲವೂ ತುಟಿ ಭಾರವಾಗಿ ಮುಂದಕ್ಕೆ ಚಾಚುತ್ತಿತ್ತೇ ಹೊರತು ಮೇಲೇರುತ್ತಿರಲಿಲ್ಲ. ನಗುವಾಗ ಹಲ್ಲು ಕಾಣಲೆಂದು ಪ್ರತಿ ಫೋಟೋದಲ್ಲಿಯೂ ಗಲ್ಲವನ್ನು ಮೇಲಕ್ಕೆತ್ತಿ ನಿಲ್ಲುವುದು ಅವರಿಗೆ ಅಭ್ಯಾಸವಾಗಿತ್ತು. ಅದು ಅವರ ಗಮನಕ್ಕೇ ಬಂದಿರಲಿಲ್ಲ, ಅವರು ತಂದ ಹಳೆಯ ಫೋಟೋಗಳನ್ನು ಸಾಲಾಗಿ ಇಟ್ಟು ನೋಡಿದಾಗ ಇಬ್ಬರಿಗೂ ಕಂಡಿತು. ಮೊದಲು ಫಿಲ್ಲರನ್ನು ಕರಗಿಸಿ, ಊತ ಪೂರ್ತಿ ಇಳಿದು ತುಟಿ ತನ್ನ ನಿಜವಾದ ಆಕಾರಕ್ಕೆ ಬರುವವರೆಗೆ ಕಾದು, ಆನಂತರ ನಾಲ್ಕೂವರೆ ಮಿಲಿಮೀಟರ್ ತೆಗೆದೆ. ಒಂದು ವರ್ಷದ ಮೇಲೆ ಬಂದಾಗ ಅವರ ಮಗನ ಉಪನಯನದ ಫೋಟೋ ತೋರಿಸಿದರು, ಗಲ್ಲ ನೆಟ್ಟಗಿತ್ತು. ಇಂಥವರಿಗಾಗಿಯೇ ಈ ಶಸ್ತ್ರಚಿಕಿತ್ಸೆ ಇದೆ ಎಂದು ನಾನು ನಂಬಿದ್ದೇನೆ.

ಕಲೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ನಿರ್ಧಾರದ ಭಾರವೆಲ್ಲ ಬಂದು ನಿಲ್ಲುವುದು ಇಲ್ಲಿಯೇ. ಮುಖದ ನಟ್ಟನಡುವೆ, ಎದುರಿಗೆ ನಿಂತವರ ಕಣ್ಣು ಮೊದಲು ಬೀಳುವ ಜಾಗದಲ್ಲಿ ಒಂದು ಗೀಟು ಉಳಿಯುತ್ತದೆ. ಮೂಗಿನ ಹೊಳ್ಳೆಯ ಕೆಳಗೆ ಸಹಜವಾಗಿ ಒಂದು ಮಡಿಕೆ ಇರುವವರಲ್ಲಿ ಆ ಗೀಟನ್ನು ಮಡಿಕೆಯೊಳಗೆ ಅಡಗಿಸಬಹುದು. ಕೆಲವರಲ್ಲಿ ಹೊಳ್ಳೆಯ ನೆಲ ನೇರವಾಗಿ ತುಟಿಗೆ ಇಳಿದುಬಿಡುತ್ತದೆ, ಅಂಚೇ ಇರುವುದಿಲ್ಲ. ಅಲ್ಲಿ ಎಷ್ಟೇ ಎಚ್ಚರದಿಂದ ಹೊಲಿದರೂ ಗೀಟು ಬಯಲಿನಲ್ಲಿಯೇ ಇರುತ್ತದೆ. ಹೊಲಿಗೆಯ ಎಳೆತ ಹೆಚ್ಚಾದರೆ ಹೊಳ್ಳೆಗಳು ಅಗಲಗೊಳ್ಳಬಹುದು, ಮೂಗಿನ ಬುಡ ಕೆಳಕ್ಕೆ ಜಗ್ಗಬಹುದು. ಬಾಯಿಯ ಮೂಲೆಗಳನ್ನು ಎತ್ತುವ ಇನ್ನೊಂದು ಬಗೆಯ ಶಸ್ತ್ರಚಿಕಿತ್ಸೆಯಲ್ಲಂತೂ ಕಲೆಯನ್ನು ಮರೆಮಾಡಲು ಯಾವ ಮಡಿಕೆಯೂ ಇಲ್ಲ. ನಾನು ಅದನ್ನು ಬಹಳ ಅಪರೂಪಕ್ಕೆ ಒಪ್ಪುತ್ತೇನೆ.

ನಮ್ಮ ಕಂದು ಚರ್ಮಕ್ಕೆ ಇದರಲ್ಲಿ ತನ್ನದೇ ಆದ ನಡವಳಿಕೆ ಇದೆ. ಸಣ್ಣ ಮೊಡವೆ ಹೋದ ಜಾಗದಲ್ಲಿ ತಿಂಗಳುಗಟ್ಟಲೆ ಕಪ್ಪು ಮಚ್ಚೆ ಉಳಿಯುವುದನ್ನು ನಾವೆಲ್ಲ ನೋಡಿದ್ದೇವೆ. ಶಸ್ತ್ರಚಿಕಿತ್ಸೆಯ ಗೀಟೂ ಹಾಗೆಯೇ. ಮೊದಲ ಕೆಲವು ತಿಂಗಳು ಕೆಂಪಾಗಿದ್ದು, ಆಮೇಲೆ ಕಂದಾಗಿ, ಮಾಸಿ ತಿಳಿಯಾಗಲು ಆರು ತಿಂಗಳಿಂದ ಒಂದು ವರ್ಷ ತೆಗೆದುಕೊಳ್ಳುತ್ತದೆ. ಅಂತರ್ಜಾಲದಲ್ಲಿ ಕಾಣುವ ಮೊದಲು-ಆಮೇಲೆ ಫೋಟೋಗಳಲ್ಲಿ ಬಹುಪಾಲು ಬಿಳಿಯ ಚರ್ಮದವರವು. ನೀವು ನೋಡಬೇಕಾದದ್ದು ನಿಮ್ಮದೇ ಬಣ್ಣದವರ ಒಂದು ವರ್ಷದ ನಂತರದ ಫೋಟೋಗಳನ್ನು, ಅದೂ ಮೇಕಪ್ ಇಲ್ಲದೆ, ಕೆಳಗಿನಿಂದ ಬೆಳಕು ಬಿದ್ದಾಗ. ಗಂಟುಗಟ್ಟುವ ಕಲೆ, ಎಂದರೆ ಕೆಲಾಯ್ಡ್ ಮತ್ತು ಅದರ ತಮ್ಮನಂತಿರುವ ಉಬ್ಬಿದ ಕಲೆ, ನಮ್ಮಲ್ಲಿ ಬಿಳಿಯ ಚರ್ಮದವರಿಗಿಂತ ಹೆಚ್ಚು. ಅದನ್ನು ಮುಂಚೆಯೇ ಊಹಿಸಲು ನನ್ನ ಬಳಿ ಯಾವ ಯಂತ್ರವೂ ಇಲ್ಲ, ಆದರೆ ನಮ್ಮ ಹೆಣ್ಣುಮಕ್ಕಳ ಮೈಮೇಲೆಯೇ ಒಂದು ಹಳೆಯ ಪರೀಕ್ಷೆ ನಡೆದುಹೋಗಿರುತ್ತದೆ. ಕಿವಿ ಚುಚ್ಚಿಸಿದಾಗ ಹಾಲೆಯ ಹಿಂದೆ ಗಂಟು ಬಂದಿತ್ತೇ, ಮೂಗುಬೊಟ್ಟು ಹಾಕಿಸಿದಾಗ ಪಕ್ಕದಲ್ಲಿ ಗುಳ್ಳೆಯೆದ್ದು ತಿಂಗಳುಗಟ್ಟಲೆ ಉಳಿದಿತ್ತೇ, ತೋಳಿನ ಮೇಲಿನ ಲಸಿಕೆಯ ಗುರುತು ಉಬ್ಬಿಕೊಂಡಿದೆಯೇ, ಹೆರಿಗೆಯ ಶಸ್ತ್ರಚಿಕಿತ್ಸೆಯ ಗೀಟು ಹಗ್ಗದಂತೆ ಎದ್ದಿದೆಯೇ ಎಂದು ನಾನು ಒಂದೊಂದನ್ನೂ ಕೇಳುತ್ತೇನೆ, ಕೇಳಿ ಮುಟ್ಟಿ ನೋಡುತ್ತೇನೆ. ಮೂಗುಬೊಟ್ಟಿನ ಪಕ್ಕದ ಗುಳ್ಳೆಗಳಲ್ಲಿ ಹೆಚ್ಚಿನವು ಉರಿಯೂತದವು, ನಿಜವಾದ ಕೆಲಾಯ್ಡ್ ಅಲ್ಲ. ಅವೆರಡರ ವ್ಯತ್ಯಾಸ ತಿಳಿಯಲು ನೋಡಲೇಬೇಕು. ಕಿವಿಯ ಹಾಲೆಯಲ್ಲಿ ನಿಜವಾದ ಕೆಲಾಯ್ಡ್ ಬಂದಿದ್ದವರಿಗೆ, ಅವರ ಉಳಿದ ಅಳತೆಗಳೆಲ್ಲ ಎಷ್ಟೇ ಹೊಂದಿಬಂದರೂ, ನಾನು ಬೇಡವೆನ್ನುತ್ತೇನೆ.

ಬೀಡಿ, ಸಿಗರೇಟು, ಗುಟ್ಕಾ, ಹೊಗೆಸೊಪ್ಪು ಹಾಕಿದ ಎಲೆಯಡಿಕೆ, ಇವುಗಳ ಮಾತೂ ಇಲ್ಲಿ ಬರಬೇಕು. ನಿಕೊಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ, ಗಾಯದ ಅಂಚಿಗೆ ರಕ್ತ ಸಾಲದೆ ಹೊಲಿಗೆ ಬಿಡುತ್ತದೆ, ಕಲೆ ಅಗಲವಾಗುತ್ತದೆ. ಕನಿಷ್ಠ ನಾಲ್ಕು ವಾರ ಮೊದಲೇ ನಿಲ್ಲಿಸಬೇಕು. ಅಡಿಕೆ ಜಗಿದು ಬಾಯಿ ಪೂರ್ತಿ ತೆರೆಯಲಾಗದ ಸ್ಥಿತಿಗೆ ಬಂದವರಿದ್ದರೆ ಅವರಿಗೆ ಮೊದಲು ಬೇಕಾದದ್ದು ಆ ಕಾಯಿಲೆಯ ಚಿಕಿತ್ಸೆ. ತುಟಿಯ ಸುತ್ತ ಆಗಾಗ ನೀರುಗುಳ್ಳೆ ಏಳುವ ಹರ್ಪಿಸ್ ತೊಂದರೆ ಇದ್ದರೆ ಮುಂಚೆಯೇ ಹೇಳಿ, ಮಾತ್ರೆ ಕೊಟ್ಟು ತಡೆಯಬಹುದು. ಹಿಂದೆ ಮೂಗಿನ ಶಸ್ತ್ರಚಿಕಿತ್ಸೆ ಆಗಿದ್ದರೆ ಅದನ್ನೂ ಮುಚ್ಚಿಡಬೇಡಿ. ಎರಡು ಗಾಯಗಳ ನಡುವೆ ಸಿಕ್ಕ ಚರ್ಮಕ್ಕೆ ರಕ್ತ ಎಲ್ಲಿಂದ ಬರುತ್ತದೆ ಎಂಬುದನ್ನು ನಾವು ಯೋಚಿಸಿಯೇ ಕತ್ತಿ ಹಿಡಿಯಬೇಕು.

ಶಸ್ತ್ರಚಿಕಿತ್ಸೆಯ ನಂತರದ ದಿನಗಳು ಹೇಗಿರುತ್ತವೆ ಎಂದರೆ, ಐದರಿಂದ ಏಳು ದಿನಕ್ಕೆ ಹೊಲಿಗೆ ಬಿಚ್ಚುತ್ತೇವೆ, ಎರಡು ವಾರಕ್ಕೆ ಊತದ ಬಹುಭಾಗ ಇಳಿಯುತ್ತದೆ, ಬಿಗಿತ ಮಾತ್ರ ಇನ್ನೂ ಕೆಲವು ವಾರ ಉಳಿಯುತ್ತದೆ. ಮೊದಲ ದಿನಗಳಲ್ಲಿ ಪ, ಬ, ಮ ಎಂಬ ತುಟಿಯ ಅಕ್ಷರಗಳೇ ತೊಡಕಾಗುತ್ತವೆ; "ಬಾಮ್ಮ" ಎಂದು ಮಗಳನ್ನು ಕರೆಯಲು ಹೋಗಿ ಮೇಲ್ತುಟಿ ಕೆಳಗಿಳಿಯದೆ ಕಣ್ಣಲ್ಲಿ ನೀರು ತಂದುಕೊಂಡವರನ್ನು ನೋಡಿದ್ದೇನೆ. ಸಾರನ್ನ ತಿನ್ನಬಹುದು, ಚಕ್ಕುಲಿ ಕಡಿಯುವಂತಿಲ್ಲ. ಬಾಯಿ ತುಂಬ ನಗುವಂತಿಲ್ಲ. ಗಾಯ ಕೂಡಿದ ಮೇಲೆ ಸಿಲಿಕೋನ್ ಜೆಲ್, ಹೊರಗೆ ಹೊರಟಾಗಲೆಲ್ಲ ಸನ್‌ಸ್ಕ್ರೀನ್, ಇವನ್ನು ತಿಂಗಳುಗಟ್ಟಲೆ ತಪ್ಪಿಸದೆ ಹಚ್ಚಬೇಕು. ಕಲೆ ಉಬ್ಬತೊಡಗಿದರೆ ಸ್ಟಿರಾಯ್ಡ್ ಚುಚ್ಚುಮದ್ದು ಬೇಕಾಗಬಹುದು. ಹಾಗಾಗಿ, ಮದುವೆ ನಿಶ್ಚಯವಾಗಿದೆ, ಇನ್ನೆರಡು ತಿಂಗಳಿದೆ, ಅಷ್ಟರೊಳಗೆ ಮಾಡಿಬಿಡಿ ಎಂದು ಬರುವವರಿಗೆ ನನ್ನ ಉತ್ತರ ಯಾವಾಗಲೂ ಒಂದೇ: ಧಾರೆಯ ದಿನ ಕಲೆ ತನ್ನ ಅತ್ಯಂತ ಕೆಂಪು ಸ್ಥಿತಿಯಲ್ಲಿ ಇರುತ್ತದೆ.

ಮದುವೆಯ ಮಾತು ಬಂದದ್ದರಿಂದ ಮನಸ್ಸಿನ ವಿಷಯಕ್ಕೆ ಬರುತ್ತೇನೆ. ಹೆಣ್ಣು ನೋಡಲು ಬಂದವರು ಯಾರೋ ಏನೋ ಅಂದರು, ಅತ್ತೆಯ ಮನೆಯವರೊಬ್ಬರು ಆಡಿಕೊಂಡರು, ಗೆಳತಿಯರ ಗುಂಪಿನಲ್ಲಿ ಯಾರೋ ಹೆಸರಿಟ್ಟರು ಎಂದು ಬರುವವರು ಇದ್ದಾರೆ. ಅವರ ನೋವು ನಿಜವಾದದ್ದು, ಅದನ್ನು ನಾನು ಕಿರಿದು ಮಾಡುವುದಿಲ್ಲ. ಆದರೆ "ಆ ಮಾತು ಕೇಳುವ ಮೊದಲು ನಿಮ್ಮ ತುಟಿ ನಿಮಗೆ ಹೇಗೆ ಕಾಣುತ್ತಿತ್ತು" ಎಂದು ಕೇಳುತ್ತೇನೆ. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹಲವರು ಬಹಳ ಹೊತ್ತು ಸುಮ್ಮನಾಗುತ್ತಾರೆ. ಇನ್ನು ಕೆಲವರು ದೂರುವುದು ತಮ್ಮ ಮುಖವನ್ನಲ್ಲ, ಸೆಲ್ಫಿಯನ್ನು. ಹನ್ನೆರಡು ಅಂಗುಲ ದೂರದಿಂದ ತೆಗೆದ ಚಿತ್ರದಲ್ಲಿ ಮೂಗು, ಐದು ಅಡಿ ದೂರದಿಂದ ತೆಗೆದದ್ದಕ್ಕಿಂತ ಸುಮಾರು 30 ಪ್ರತಿಶತ ಅಗಲವಾಗಿ ಕಾಣುತ್ತದೆ ಎಂದು ಅಮೆರಿಕದ ವೈದ್ಯರು 2018ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಮೂಗು ಹಿಗ್ಗಿದ ಚಿತ್ರದಲ್ಲಿ ತುಟಿಯ ಪ್ರಮಾಣವನ್ನು ನಂಬುವುದು ಹೇಗೆ? ನಿರ್ಧಾರಕ್ಕೆ ಮುನ್ನ ಯಾರಿಗಾದರೂ ಫೋನು ಕೊಟ್ಟು ಐದಾರು ಅಡಿ ದೂರ ನಿಲ್ಲಿಸಿ, ನೀವು ಮಾತನಾಡುತ್ತಿರುವಾಗ ವಿಡಿಯೊ ತೆಗೆಸಿ ನೋಡಿ. ಜನ ನೋಡುವುದು ಆ ಮುಖವನ್ನು.

ದಿನಕ್ಕೆ ಗಂಟೆಗಟ್ಟಲೆ ಕನ್ನಡಿಯ ಮುಂದೆ ಕಳೆಯುವುದು, ಇತರರಿಗೆ ಕಾಣದ ಒಂದು ಊನ ತನ್ನ ಬದುಕನ್ನೇ ಹಾಳು ಮಾಡಿದೆ ಎಂಬ ಕೊರಗಿನಲ್ಲಿ ಕಾಲೇಜು ಬಿಡುವುದು, ಸಮಾರಂಭಗಳಿಗೆ ಹೋಗದಿರುವುದು, ಇವು ಕಂಡರೆ ನಾನು ಅಳತೆಪಟ್ಟಿಯನ್ನು ಬದಿಗಿಡುತ್ತೇನೆ. ದೇಹರೂಪದ ಈ ಗೀಳು ಒಂದು ಕಾಯಿಲೆ. ಸಾಮಾನ್ಯ ಜನರಲ್ಲಿ ನೂರಕ್ಕೆ ಸುಮಾರು ಇಬ್ಬರಲ್ಲಿ ಕಂಡುಬರುವ ಇದು ಸೌಂದರ್ಯ ಚಿಕಿತ್ಸೆ ಕೇಳಿ ಬರುವವರಲ್ಲಿ ಅದರ ಹಲವು ಪಟ್ಟು ಹೆಚ್ಚು. ಶಸ್ತ್ರಚಿಕಿತ್ಸೆಯಿಂದ ಇದು ವಾಸಿಯಾಗುವುದಿಲ್ಲ, ಕೊರಗು ತುಟಿಯಿಂದ ಮೂಗಿಗೆ, ಮೂಗಿನಿಂದ ಗಲ್ಲಕ್ಕೆ ಜಾಗ ಬದಲಿಸುತ್ತದೆ ಅಷ್ಟೆ. ಮಾತ್ರೆ ಮತ್ತು ಆಪ್ತಸಮಾಲೋಚನೆಯಿಂದ ಸುಧಾರಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳು ಕಾಯಿಲೆಗಳಿಗೆಂದೇ ವಿಶೇಷ ವಿಭಾಗವಿದೆ. ಮನೋವೈದ್ಯರ ಹೆಸರೆತ್ತಿದರೆ ಬೇಸರ ಮಾಡಿಕೊಳ್ಳುವವರಿಗೆ ನಾನು ಸಮಯ ಕೊಟ್ಟು, ಮನೆಯವರೊಬ್ಬರನ್ನು ಕರೆಸಿಕೊಂಡು, ಮತ್ತೆ ಮಾತನಾಡುತ್ತೇನೆ.

ವೈದ್ಯರ ಆಯ್ಕೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಆದರೆ ಹೇಳದೆ ಬಿಡುವಂತಿಲ್ಲ. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿಎನ್‌ಬಿ ಪದವಿ ಇದೆಯೇ, ವೈದ್ಯಕೀಯ ಪರಿಷತ್ತಿನ ನೋಂದಣಿ ಇದೆಯೇ, ಆಸ್ಪತ್ರೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಾಯಿತವೇ ಎಂದು ಕೇಳಲು ಸಂಕೋಚ ಬೇಡ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ ಇಪ್ಪತ್ತೊಂದು ವರ್ಷದ ಕಿರುತೆರೆ ನಟಿಯೊಬ್ಬರು ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಲಿಪ್ ಲಿಫ್ಟ್ ಅಷ್ಟು ದೊಡ್ಡ ಶಸ್ತ್ರಚಿಕಿತ್ಸೆಯಲ್ಲ, ಆದರೂ ಮರಗಟ್ಟಿಸುವ ಔಷಧಕ್ಕೆ ಮೈ ಒಗ್ಗದಿದ್ದರೆ ಕೂಡಲೇ ನೋಡಿಕೊಳ್ಳುವ ವ್ಯವಸ್ಥೆ ಅಲ್ಲಿಯೇ ಇರಬೇಕು, ಮನೆಯಲ್ಲಿ ಒಬ್ಬರಿಗಾದರೂ ವಿಷಯ ತಿಳಿದಿರಬೇಕು. ಒಪ್ಪಿಗೆ ಪತ್ರವನ್ನು ಹಿಂದಿನ ದಿನವೇ ಕೇಳಿ ಪಡೆದು ಓದಿ. ಒಂದು ಕ್ರಿಯೆಗೆ ಕೊಟ್ಟ ಒಪ್ಪಿಗೆ, ಜೀವ ಉಳಿಸುವ ತುರ್ತು ಇಲ್ಲದ ಹೊರತು, ಇನ್ನೊಂದಕ್ಕೆ ಒಪ್ಪಿಗೆಯಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಸ್ಪಷ್ಟವಾಗಿ ಹೇಳಿದೆ. "ಹೇಗೂ ಮಲಗಿದ್ದೀರಿ, ಬಾಯಿಯ ಮೂಲೆಗಳನ್ನೂ ಎತ್ತಿಬಿಡೋಣ" ಎಂಬ ಮಾತು ಟೇಬಲ್ ಮೇಲೆ ಬರಕೂಡದು. ಖರ್ಚು ಪೂರ್ತಿ ನಿಮ್ಮದೇ. ಅಪಘಾತ, ಸುಟ್ಟಗಾಯ, ಕ್ಯಾನ್ಸರಿನ ನಂತರದ ಪುನಾರಚನೆಗೆ ವಿಮೆ ಸಿಗುತ್ತದೆ, ಚೆಂದಕ್ಕಾಗಿ ಮಾಡಿಸುವುದಕ್ಕೆ ಸಿಗುವುದಿಲ್ಲ; ಉಳಿದ ಚಿಕಿತ್ಸೆಗಳಿಗಿರುವ ಜಿಎಸ್‌ಟಿ ವಿನಾಯಿತಿಯೂ ಇದಕ್ಕಿಲ್ಲ. ಕಲೆ ಕೆಟ್ಟರೆ ಆಗುವ ಮುಂದಿನ ಚಿಕಿತ್ಸೆಯ ವೆಚ್ಚ ಯಾರದು ಎಂಬುದನ್ನು ಮೊದಲೇ ಬರೆಸಿಕೊಳ್ಳಿ.

ಉಪನ್ಯಾಸದ ನಂತರ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಇಲ್ಲಿ ಸೇರಿಸುತ್ತಿದ್ದೇನೆ.

ಕೊಳಲು ನುಡಿಸುವ ತರುಣರೊಬ್ಬರು, ಮೇಲ್ತುಟಿ ಎತ್ತಿಸಿದರೆ ನುಡಿಸಾಣಿಕೆಗೆ ತೊಂದರೆಯೇ ಎಂದು ಕೇಳಿದರು. ಊದುವ ವಾದ್ಯದವರಿಗೆ ತುಟಿಯ ಉದ್ದ, ಬಿಗಿತ, ಸ್ಪರ್ಶ ಮೂರೂ ಕಸುಬಿನ ಬಂಡವಾಳ. ಶಸ್ತ್ರಚಿಕಿತ್ಸೆಯ ನಂತರ ಮೇಲ್ತುಟಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಜೋಮು ಹಿಡಿದಂತಿರುತ್ತದೆ. ಕೊಳಲಿನಿಂದಲೇ ಬದುಕುವವರಿಗೆ ನಾನು ಇದನ್ನು ಮಾಡಲು ಒಪ್ಪುವುದಿಲ್ಲ ಎಂದು ಹೇಳಿದೆ. ಅವರೇ ಮುಂದುವರಿದು ಮೀಸೆಯ ಬಗ್ಗೆಯೂ ಕೇಳಿದರು. ಗಂಡಸರಲ್ಲಿ ಮೀಸೆ ಕಲೆಯನ್ನು ಮರೆಮಾಡುವುದೇನೋ ನಿಜ, ಆದರೆ ನಡುವಿನ ಪಟ್ಟಿ ಕಡಿಮೆಯಾಗುವುದರಿಂದ ಕೂದಲು ಹೊಳ್ಳೆಯ ಬುಡದಿಂದಲೇ ಬೆಳೆದಂತೆ ಕಾಣುತ್ತದೆ, ಕ್ಷೌರ ಮಾಡಿಕೊಳ್ಳುವಾಗ ಆ ಮೂಲೆಗೆ ಬ್ಲೇಡು ತಾಗುವುದು ಕಷ್ಟ.

ತಾಯಿಯೊಬ್ಬರು, ಹತ್ತೊಂಬತ್ತು ವರ್ಷದ ಮಗಳು ಹಟ ಹಿಡಿದಿದ್ದಾಳೆ, ಬೇಡವೆಂದರೆ ಊಟ ಬಿಡುತ್ತಾಳೆ, ಏನು ಮಾಡಲಿ ಎಂದರು. ಹದಿನೆಂಟು ದಾಟಿದ ಮೇಲೆ ಒಪ್ಪಿಗೆ ಕೊಡಬೇಕಾದವಳು ಅವಳೇ, ಕಾನೂನಿನಲ್ಲಿ ನಿಮ್ಮ ಸಹಿ ಬೇಕಿಲ್ಲ. ಆದರೆ "ಮಾಡಿಸಬೇಡ" ಎಂದು ವಾದಿಸುವ ಬದಲು "ಮೊದಲು ಅಳೆಸೋಣ" ಎಂದು ಜೊತೆಯಲ್ಲಿ ಬನ್ನಿ ಎಂದು ಅವರಿಗೆ ಹೇಳಿದೆ. ಅಂಗೈಯಲ್ಲಿ ಕನ್ನಡಿ ಕೊಟ್ಟು, ಹುಬ್ಬಿನ ಪೆನ್ಸಿಲ್‌ನಿಂದ ಹೊಳ್ಳೆಯ ಕೆಳಗೆ ಕಲೆ ಬರುವ ಜಾಗದಲ್ಲಿಯೇ ತೆಳುವಾದ ಕೆಂಗಂದು ಗೀಟು ಎಳೆದು, ಒಂದು ದಿನ ಅದನ್ನು ಅಳಿಸದೆ ಕಾಲೇಜಿಗೆ ಹೋಗಿ ಬರಲು ನಾನು ತರುಣಿಯರಿಗೆ ಹೇಳುವುದುಂಟು. ಕೆಲವರು ಸಂಜೆ ಬಂದು, ಇದಕ್ಕೂ ಸಿದ್ಧ ಎನ್ನುತ್ತಾರೆ. ಕೆಲವರು ಮಧ್ಯಾಹ್ನವೇ ತೊಳೆದುಕೊಂಡಿರುತ್ತಾರೆ. ಎರಡೂ ನನಗೆ ಉಪಯುಕ್ತ ಉತ್ತರಗಳೇ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು, ಮೊದಲಿಗೆ ಹೇಳಿದ ಆ ಶಿಕ್ಷಕಿ ಏನು ಮಾಡಿದರು ಎಂದು ಕೇಳಿದರು. ಅವರು ಮತ್ತೆ ನನ್ನ ಬಳಿ ಬಂದಿಲ್ಲ. ಅಂದು ಹೊರಡುವಾಗ ಅವರ ನಾಲ್ಕು ಅಂಕಿಗಳನ್ನು ಚೀಟಿಯಲ್ಲಿ ಬರೆದು ಕೊಟ್ಟು, ಬೇರೆ ಯಾವ ವೈದ್ಯರ ಬಳಿ ಹೋದರೂ ಅವರು ಅಳೆದ ಮೇಲೆ ಇದನ್ನು ತೋರಿಸಿ, ಅಳೆಯದೆಯೇ ದಿನಾಂಕ ಕೊಟ್ಟರೆ ಎದ್ದು ಬನ್ನಿ ಎಂದು ಹೇಳಿ ಕಳುಹಿಸಿದ್ದೆ. ಅವರು ಆ ಚೀಟಿಯನ್ನು ಮಡಿಸಿ ಫೋನಿನ ಕವರಿನ ಹಿಂದೆ ಇಟ್ಟುಕೊಂಡರು.